ಕೊಡಗಿನಲ್ಲಿ ಸುರಕ್ಷತಾ ತಜ್ಞರಿಗೆ ಕೆಲಸ ಎಲ್ಲಿದೆ?

ಕೆಲಸದ ಜಾಗದಲ್ಲಿ ಯಾರಿಗೂ ಪೆಟ್ಟಾಗಬಾರದು, ಮಾಡುವ ಕೆಲಸವೇ ಕಾಯಿಲೆ ತಂದೊಡ್ಡಬಾರದು. ಇದನ್ನು ನೋಡಿಕೊಳ್ಳಲೆಂದೇ ನೇಮಕವಾಗುವವರು ಸುರಕ್ಷತಾ ಅಧಿಕಾರಿಗಳು. ಯಂತ್ರದ ಬೆಲ್ಟಿಗೆ ಮರೆ ಇದೆಯೇ, ಏಣಿಯ ಮೆಟ್ಟಿಲು ಸಡಿಲವಾಗಿದೆಯೇ, ಔಷಧಿ ಹೊಡೆಯುವವರಿಗೆ ಕೈಗವಸು ಸಿಕ್ಕಿದೆಯೇ, ಅವಘಡವಾದರೆ ಆಸ್ಪತ್ರೆಗೆ ಒಯ್ಯುವ ವಾಹನ ಯಾವುದು ಎಂಬುದನ್ನೆಲ್ಲ ಮೊದಲೇ ಯೋಚಿಸಿ, ಬರೆದಿಟ್ಟು, ಕೆಲಸ ಮಾಡಿಸುವವರಿಗೂ ಮಾಡುವವರಿಗೂ ತಿಳಿಹೇಳುವುದು ಇವರ ಹೊಣೆ. ಬೆಂಗಳೂರು, ಮೈಸೂರು, ಮಂಗಳೂರಿನ ಕಾರ್ಖಾನೆಗಳಲ್ಲಿ ಇದು ಹಳೆಯ ಹುದ್ದೆ. ಕೊಡಗಿನಲ್ಲಿ ಈ ಹುದ್ದೆಯ ಫಲಕ ಕಾಣಸಿಗುವುದು ಅಪರೂಪ. ಅಪಾಯದ ಕೆಲಸಕ್ಕೆ ಮಾತ್ರ ಇಲ್ಲಿ ಬರವಿಲ್ಲ. ಇಷ್ಟೆಲ್ಲ ಅಪಾಯವಿದ್ದೂ ಹುದ್ದೆ ಏಕೆ ಕಡಿಮೆ ಎಂಬುದು ಗೊತ್ತಾದರೆ, ಈ ವೃತ್ತಿಗೆ ಬರಬೇಕೆನ್ನುವ ಜಿಲ್ಲೆಯ ಯುವಜನರಿಗೆ ದಾರಿ ಯಾವ ಕಡೆಗಿದೆ ಎಂಬುದೂ ತಿಳಿಯುತ್ತದೆ.

ಸುರಕ್ಷತಾ ಅಧಿಕಾರಿಯ ಹುದ್ದೆ ಹುಟ್ಟಿದ್ದು ಕಾನೂನಿನಿಂದ, ಮತ್ತು ಕಾನೂನು ತಲೆ ಎಣಿಸುತ್ತದೆ. 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಆದ ತಿದ್ದುಪಡಿಯಂತೆ, ಸಾವಿರ ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕಾಯಿತು. ದೈಹಿಕ ಹಾನಿ, ವಿಷಬಾಧೆ ಅಥವಾ ರೋಗದ ಅಪಾಯವಿರುವ ಕಡೆ ಅದಕ್ಕಿಂತ ಚಿಕ್ಕ ಕಾರ್ಖಾನೆಗೂ ಸರ್ಕಾರ ಈ ಷರತ್ತು ಹಾಕಬಹುದಿತ್ತು. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಅನಿಲ ದುರಂತ ನಡೆದ ಮೇಲೆ, 1987ರ ತಿದ್ದುಪಡಿ ಅಪಾಯಕಾರಿ ಉದ್ದಿಮೆಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆ 500 ಮಂದಿಯ ಗಡಿ ಹಾಕಿತು. ಈಗ ಈ ಕಾಯ್ದೆಗಳೂ ಸೇರಿದಂತೆ 13 ಕಾನೂನುಗಳ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಸಂಸತ್ತು ಇದನ್ನು ಒಪ್ಪಿದ್ದು 2020ರಲ್ಲಿ. ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಇದರ ಪ್ರಕಾರ 500 ಕಾರ್ಮಿಕರ ಕಾರ್ಖಾನೆ, 250 ಕಾರ್ಮಿಕರ ಅಪಾಯಕಾರಿ ಕಾರ್ಖಾನೆ, 250 ಮಂದಿ ದುಡಿಯುವ ನಿರ್ಮಾಣ ಕಾಮಗಾರಿ, 100 ಮಂದಿಯ ಗಣಿ ಸುರಕ್ಷತಾ ಅಧಿಕಾರಿಯನ್ನು ಇಟ್ಟುಕೊಳ್ಳಲೇಬೇಕು.

ಗಡಿ ಸಾವಿರದಿಂದ 500ಕ್ಕೆ ಇಳಿದದ್ದು ರಾಜ್ಯದ ಕೈಗಾರಿಕಾ ಪಟ್ಟಣಗಳಿಗೆ ದೊಡ್ಡ ಸುದ್ದಿ. ಕೊಡಗಿಗೆ ಅಷ್ಟೇನಲ್ಲ. ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 5,54,519. ದೊಡ್ಡ ಕಾರ್ಖಾನೆ ಎನ್ನಬಹುದಾದದ್ದು ಕಡಿಮೆ. ಕೈಗಾರಿಕೆ ಎಂಬುದು ಬಹುಪಾಲು ಜಿಲ್ಲೆಯ ಪೂರ್ವ ಅಂಚಿನ ಕುಶಾಲನಗರದ ಸುತ್ತಲೇ ಇದೆ. ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಸಂಸ್ಕರಣಾ ಘಟಕಗಳು, ಕೂಡಿಗೆಯ ಟಾಟಾ ಕಾಫಿಯ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸುಲಿದು ವಿಂಗಡಿಸುವ ಕಾರ್ಖಾನೆ), ಸ್ಟಾರ್‌ಬಕ್ಸ್ ಅಂಗಡಿಗಳಿಗಾಗಿ 2013ರಲ್ಲಿ ಶುರುವಾದ ಕಾಫಿ ಹುರಿಯುವ ಘಟಕ, ಒಂದಿಷ್ಟು ಮರದ ಮಿಲ್ಲುಗಳು. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕೆಲಸ ಹಂಗಾಮಿನದು. ಸುಗ್ಗಿ ಮುಗಿದು ಕಾಫಿ ಬಂದಾಗ ಜನ ತುಂಬಿರುತ್ತಾರೆ, ಮಳೆಗಾಲದಲ್ಲಿ ಖಾಲಿ. ಜೊತೆಗೆ ವಿದ್ಯುತ್ ಬಳಸುವ ಘಟಕವನ್ನು ಹೊಸ ಸಂಹಿತೆ ‘ಕಾರ್ಖಾನೆ’ ಎಂದು ಒಪ್ಪುವುದು ಅಲ್ಲಿ ಕನಿಷ್ಠ 20 ಮಂದಿ ದುಡಿಯುತ್ತಿದ್ದರೆ ಮಾತ್ರ. ಮೊದಲು 10 ಮಂದಿ ಸಾಕಿತ್ತು. ಹೀಗಾಗಿ ಕಾರ್ಖಾನೆಯ ಕಾನೂನನ್ನೇ ನಂಬಿದರೆ ಕೊಡಗಿನಲ್ಲಿ ಸಿಗುವ ಹುದ್ದೆಗಳನ್ನು ಬೆರಳಲ್ಲಿ ಎಣಿಸಬಹುದು.

ಕೊಡಗಿನ ನಿಜವಾದ ಕಾರ್ಖಾನೆ ಎಂದರೆ ತೋಟ. ಇಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಮೀರಿ ಕಾಫಿ ಇದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಯದು. ಕಾಫಿಯ ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸು ಇನ್ನೊಂದು ಆದಾಯ. ತೋಟದ ಅಪಾಯಗಳಿಗೆ ಋತುಮಾನ ಇದೆ. ಕಾರ್ಖಾನೆಯಲ್ಲಿ ಪಳಗಿದ ಅಧಿಕಾರಿ ತೋಟಕ್ಕೆ ಬಂದು ತಬ್ಬಿಬ್ಬಾಗುವುದು ಇದರಿಂದಲೇ. ಕಾರ್ಖಾನೆಯಲ್ಲಿ ಯಂತ್ರ ಒಂದೆಡೆ ನಿಂತಿರುತ್ತದೆ, ಅಪಾಯವೂ ಅಲ್ಲೇ ಇರುತ್ತದೆ. ಇಲ್ಲಿ ತಿಂಗಳಿಗೊಂದು ಕೆಲಸ, ಕೆಲಸಕ್ಕೊಂದು ಅಪಾಯ.

ಮೊದಲನೆಯ ಅಪಾಯ ಏಣಿ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಸುಗ್ಗಿಯ ಕೊನೆಗೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೆಣಸು ಕುಯ್ಲು. ಎರಡೂ ಎತ್ತರದ ಕೆಲಸ. ಒಂಟಿ ಬಿದಿರಿನ ಏಣಿಯ ಕಾಲದಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿತ್ತು. ಆಮೇಲೆ ಹಗುರವಾದ, ಒಬ್ಬನೇ ಹೊತ್ತು ತಿರುಗಬಹುದಾದ ಅಲ್ಯೂಮಿನಿಯಂ ಏಣಿ ಬಂತು. ಅದರ ಜೊತೆಗೆ ಬಿದಿರಿಗಿಂತ ಕೆಟ್ಟ ಅಪಾಯವೂ ಬಂತು. ತೋಟಗಳ ನಡುವೆ ಹಾದುಹೋಗುವ ವಿದ್ಯುತ್ ತಂತಿ ಗಿಡಮರಗಳ ಮರೆಯಲ್ಲಿ ಕಾಣುವುದಿಲ್ಲ. ಏಣಿಯನ್ನು ನೆಟ್ಟಗೆ ಹಿಡಿದು ಒಂದು ಮರದಿಂದ ಇನ್ನೊಂದು ಮರಕ್ಕೆ ಸಾಗಿಸುವಾಗ ತುದಿ ತಂತಿಗೆ ತಾಗಿದರೆ ಹಿಡಿದವನ ಕಥೆ ಮುಗಿಯಿತು. ಬಿಡಿಸಲು ಓಡಿ ಬಂದವನೂ ಬದುಕುವುದು ಕಷ್ಟ. ಮೆಣಸಿನ ಕಾಲದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ.

ಇದನ್ನು ತಪ್ಪಿಸಲು ದೊಡ್ಡ ವಿದ್ಯೆ ಬೇಕಿಲ್ಲ. ತಂತಿ ಹಾದುಹೋಗುವ ಸಾಲಿನ ಮರಗಳಿಗೆ ಬಣ್ಣದ ಗುರುತು ಹಾಕುವುದು, ಆ ಸಾಲಿನಲ್ಲಿ ವಿದ್ಯುತ್ ಹರಿಸದ ಫೈಬರ್ ಏಣಿಯನ್ನೇ ಬಳಸುವುದು, ಏಣಿಯನ್ನು ಮಲಗಿಸಿ ಇಬ್ಬರು ಹೊರುವುದು, ಮರಗಸಿಯ ದಿನ ವಿದ್ಯುತ್ ನಿಗಮ ಚೆಸ್ಕಾಂನ ಕಚೇರಿಗೆ ಮೊದಲೇ ತಿಳಿಸಿ ಲೈನ್ ಬಂದ್ ಮಾಡಿಸುವುದು. ನಾಲ್ಕೂ ಎಲ್ಲರಿಗೂ ಗೊತ್ತಿರುವ ಕ್ರಮಗಳೇ. ಆದರೆ ಸುಗ್ಗಿಯ ಗಡಿಬಿಡಿಯಲ್ಲಿ ಇವನ್ನು ನೆನಪಿಟ್ಟು ಮಾಡಿಸುವ ಒಬ್ಬರು ಬೇಕು. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹಾಜರಿ ಪುಸ್ತಕ ಮತ್ತು ತೂಕದ ಚಿಂತೆ, ಮೇಸ್ತ್ರಿಗೆ ದಿನದ ಕೆಲಸ ಮುಗಿಸುವ ಚಿಂತೆ. ಸುರಕ್ಷತೆಯನ್ನೇ ತಲೆಯಲ್ಲಿಟ್ಟುಕೊಂಡವರು ಬಹುತೇಕ ತೋಟಗಳಲ್ಲಿ ಇಲ್ಲ.

ಎರಡನೆಯದು ಔಷಧಿ. ಬಿಳಿ ಕಾಂಡಕೊರಕಕ್ಕೆ ಒಂದು, ಕಾಯಿಕೊರಕಕ್ಕೆ ಒಂದು, ಕಳೆಗೆ ಇನ್ನೊಂದು. ಮಳೆಗೆ ಮುನ್ನ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಭಾರತದಲ್ಲಿ ಮಾರುವ ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರಬೇಕೆಂಬುದು ನಿಯಮ: ಕೆಂಪು ಎಂದರೆ ಕಡುವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಸಿಂಪಡಿಸುವವರಲ್ಲಿ ಎಷ್ಟು ಮಂದಿಗೆ ಈ ಬಣ್ಣಗಳ ಅರ್ಥವನ್ನು ಯಾರಾದರೂ ಹೇಳಿಕೊಟ್ಟಿದ್ದಾರೆ ಎಂಬುದು ಬೇರೆ ಮಾತು. ವಿಷ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪಕ್ಕದ ಕಾಸರಗೋಡಿನ ಗೇರುತೋಟಗಳ ಎಂಡೋಸಲ್ಫಾನ್ ಕಣ್ಣೆದುರಿಗಿದೆ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಕಾಂಡಕೊರಕಕ್ಕೆ ಬಹುಕಾಲ ಬಳಸಿದ ಲಿಂಡೇನ್ ಕೂಡ ನಿಷೇಧವಾಯಿತು. ಔಷಧಿಗಳು ಬದಲಾದರೂ ಹೊಡೆಯುವ ರೀತಿ ಅಷ್ಟಾಗಿ ಬದಲಾಗಿಲ್ಲ.

ಕೊಡಗಿನ ಉದ್ಯೋಗಾಕಾಂಕ್ಷಿಗಳು ಗಮನಿಸಬೇಕಾದ ಕಾನೂನಿನ ಮಾತು ಇರುವುದು ಇಲ್ಲೇ. 1951ರ ತೋಟಗಾರಿಕಾ ಕಾರ್ಮಿಕ ಕಾಯ್ದೆಗೆ 2010ರಲ್ಲಿ ಸುರಕ್ಷತೆಯ ಹೊಸ ಅಧ್ಯಾಯವೊಂದು ಸೇರಿತ್ತು. ಈಗ ಅದೇ ವಿಷಯ ಹೊಸ ಸಂಹಿತೆಯಲ್ಲಿ ಮುಂದುವರಿದಿದೆ. ತೋಟದಲ್ಲಿ ಕೀಟನಾಶಕ, ರಾಸಾಯನಿಕ, ವಿಷವಸ್ತುಗಳ ಬಳಕೆ, ದಾಸ್ತಾನು, ಸಾಗಣೆಯ ಮೇಲ್ವಿಚಾರಣೆಗೆ ನಿಗದಿತ ವಿದ್ಯಾರ್ಹತೆ ಇರುವವರನ್ನು ಮಾಲೀಕರು ನೇಮಿಸಬೇಕು. ಔಷಧಿ ಮುಟ್ಟುವ ಪ್ರತಿ ಕಾರ್ಮಿಕನಿಗೂ ತರಬೇತಿ ಕೊಡಿಸಬೇಕು, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಮಾಡಿಸಿ ಆರೋಗ್ಯದ ದಾಖಲೆ ಇಡಬೇಕು, ಕೈಕಾಲು ತೊಳೆಯಲು, ಸ್ನಾನಕ್ಕೆ, ಬಟ್ಟೆ ಬದಲಿಸಲು ಜಾಗ ಮಾಡಿಕೊಡಬೇಕು. ಇಷ್ಟನ್ನು ಒಬ್ಬರು ಸರಿಯಾಗಿ ಮಾಡಿದರೆ ಅದು ಹೆಸರೊಂದನ್ನು ಬಿಟ್ಟು ಸುರಕ್ಷತಾ ಅಧಿಕಾರಿಯ ಕೆಲಸವೇ. ಇಲ್ಲಿ 500 ಮಂದಿಯ ಗಡಿ ಇಲ್ಲ. 5 ಹೆಕ್ಟೇರ್ ಅಥವಾ ಹೆಚ್ಚು ವಿಸ್ತೀರ್ಣವಿದ್ದು 10 ಮಂದಿ ದುಡಿಯುವ ತೋಟ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ. ವಿದ್ಯಾರ್ಹತೆ ಏನಿರಬೇಕು ಎಂಬಂಥ ವಿವರ ತುಂಬಬೇಕಾದದ್ದು ನಿಯಮಗಳು.

ಮೂರನೆಯ ಅಪಾಯ ಆನೆ. ಇದರ ವಿಷಯ ಸುರಕ್ಷತಾ ಪಠ್ಯಪುಸ್ತಕಗಳಲ್ಲಿ ಸಿಗುವುದು ಕಷ್ಟ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ಮಾಲ್ದಾರೆ, ತಿತಿಮತಿ, ಚೆಟ್ಟಳ್ಳಿ ಕಡೆಯ ತೋಟಗಳಲ್ಲಿ ಕಾಡಾನೆ ಅತಿಥಿಯಲ್ಲ, ನಿವಾಸಿ. ಹಲಸು, ಬಾಳೆ, ತೋಟದ ಕೆರೆಯ ನೀರು ಎಲ್ಲವೂ ಒಂದೇ ಕಡೆ ಸಿಗುವಾಗ ಅವಕ್ಕೆ ಕಾಡಿಗೆ ಮರಳುವ ಅವಸರವಿಲ್ಲ. ಸಾಯುವವರಲ್ಲಿ ಬೆಳಿಗ್ಗೆ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯಿಂದ ಕೆಲಸಕ್ಕೆ ನಡೆದು ಹೋಗುತ್ತಿದ್ದವರು, ಕುಯ್ಲಿನಲ್ಲಿ ತಲೆ ಬಗ್ಗಿಸಿ ನಿಂತಿದ್ದವರು ಬಹಳ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಗುಂಪುಗಳ ಜಾಡು ಹಿಡಿದು ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ತೋಟದೊಳಗೆ ಯಾರಿಗೆ ತಲುಪಬೇಕು, ತಲುಪಿದ ಮೇಲೆ ಆ ದಿನ ಯಾವ ಬ್ಲಾಕಿನಲ್ಲಿ ಕೆಲಸ ಹಾಕಬಾರದು, ಮಂಜು ಕರಗುವವರೆಗೆ ಕಾಯಬೇಕೆ, ಹಲಸು ಹಣ್ಣಾಗುವ ಮೊದಲೇ ಇಳಿಸಬೇಕೆ ಎಂಬುದನ್ನು ನಿರ್ಧರಿಸುವವರು ತೋಟದವರೇ ಆಗಿರಬೇಕು. ಊರಿನ ಕಾಡು ಗೊತ್ತಿರುವ ಜೇನುಕುರುಬ, ಯರವ ಸಮುದಾಯದವರ ಅನುಭವಕ್ಕೆ ಈ ಕೆಲಸದಲ್ಲಿ ಯಾವುದೇ ಡಿಪ್ಲೊಮಾದಷ್ಟೇ ಬೆಲೆ ಕೊಟ್ಟರೂ ತಪ್ಪಿಲ್ಲ.

ಉಳಿದವು ಚಿಕ್ಕವೆಂದು ಕಂಡರೂ ಒಟ್ಟು ಲೆಕ್ಕದಲ್ಲಿ ಚಿಕ್ಕವಲ್ಲ. ಕಳೆ ಕೊಚ್ಚುವ ಯಂತ್ರದ ಬ್ಲೇಡಿಗೆ ಸಿಕ್ಕಿದ ಕಲ್ಲು ಕಣ್ಣಿಗೆ ಬಡಿಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಬೆಲ್ಟಿಗೆ ಸೀರೆಯ ಸೆರಗೋ ಜಡೆಯೋ ಸಿಕ್ಕಬಹುದು. ಹೆಜ್ಜೇನು ಏಳುತ್ತದೆ, ಕುಯ್ಲಿನ ಕೈಗೆ ಹಾವು ಸಿಗುತ್ತದೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿತು. ಮಳೆಗಾಲದ ಕೆಸರಿನಲ್ಲಿ ಇಲಿಜ್ವರದ ಭಯ. ಸುಗ್ಗಿಯಲ್ಲಿ ಜೀಪು, ಪಿಕಪ್‌ಗಳಲ್ಲಿ ಮಿತಿ ಮೀರಿ ಜನ ತುಂಬಿ ತೋಟದಿಂದ ತೋಟಕ್ಕೆ ಸಾಗಿಸುವುದು ಇನ್ನೊಂದು. ಇಳಿಜಾರಿನ ತಿರುವಿನಲ್ಲಿ ಒಂದು ವಾಹನ ಮಗುಚಿದರೆ ಇಡೀ ವರ್ಷದ ಉಳಿದ ಅವಘಡಗಳನ್ನು ಅದೊಂದೇ ಮೀರಿಸುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಸಿರು ಕಾಫಿ ಬೀಜದ ಧೂಳು ಕೆಲವರಿಗೆ ಉಬ್ಬಸ ತರುತ್ತದೆ ಎಂಬುದು ವೈದ್ಯಕೀಯವಾಗಿ ದಾಖಲಾದ ಸಂಗತಿ. ಒಣಗಿದ ಸಿಪ್ಪೆ ತೆಗೆಯುವ ಹಲ್ಲರ್‌ನ ಸದ್ದು ಕಿವಿಯನ್ನು ಮೆಲ್ಲಗೆ ಕೆಡಿಸುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಇನ್ನೊಂದು ಪ್ರಶ್ನೆಯೂ ಎದ್ದಿದೆ: ಕಡಿದ ದರೆಯ ಬುಡದಲ್ಲಿರುವ ಲೈನ್ ಮನೆಗಳು ಎಷ್ಟು ಭದ್ರ? ಮಾಲೀಕರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೆ ಹಾನಿಯಾದರೆ ಪರಿಹಾರ ಕೊಡಬೇಕೆಂಬ ನಿಯಮ ತೋಟಗಾರಿಕಾ ಕಾರ್ಮಿಕ ಕಾಯ್ದೆಯಲ್ಲಿ ಮೊದಲೇ ಇತ್ತು.

ಇಷ್ಟು ಕೆಲಸಕ್ಕೆ ಸಂಬಳ ಕೊಡುವವರು ಯಾರು? ಮೊದಲನೆಯವರು ಕಂಪನಿ ತೋಟದವರು. ಪಾಲಿಬೆಟ್ಟದಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು ಬೆಳೆದ ಟಾಟಾ ಕಾಫಿ ಈಗ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಕಂಪನಿಯಲ್ಲಿ ಸೇರಿಹೋಗಿದೆ. ಇಂಥ ಸಂಸ್ಥೆಗಳಲ್ಲಿ ಸುರಕ್ಷತೆಗೆ ಪ್ರತ್ಯೇಕ ವ್ಯವಸ್ಥೆ, ತೋಟದ ಆಸ್ಪತ್ರೆ, ದಾಖಲೆ ಎಲ್ಲವೂ ಇರುತ್ತದೆ. ಹುದ್ದೆಗಳು ಮಾತ್ರ ಕಡಿಮೆ, ಖಾಲಿಯಾಗುವುದೂ ಅಪರೂಪ. 250 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಕ್ಕೆ ಸಂಹಿತೆ ಕಲ್ಯಾಣಾಧಿಕಾರಿಯನ್ನು ಕೇಳುತ್ತದೆ. ಹಳೆಯ ಕಾಯ್ದೆಯಲ್ಲಿ ಈ ಗಡಿ 300 ಇತ್ತು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವರು ಸುರಕ್ಷತೆಯ ಒಂದು ಕೋರ್ಸನ್ನೂ ಮಾಡಿಕೊಂಡರೆ ಇಲ್ಲಿ ಕಲ್ಯಾಣ, ಸುರಕ್ಷತೆ ಎರಡನ್ನೂ ಒಬ್ಬರೇ ನೋಡಿಕೊಳ್ಳಬಹುದು. ಇದು ಮಾಲೀಕರಿಗೂ ಇಷ್ಟವಾಗುವ ಲೆಕ್ಕ.

ಎರಡನೆಯ ಬಾಗಿಲು ತೆರೆದದ್ದು ವಿದೇಶದ ಕೊಳ್ಳುಗರು. ಯುರೋಪಿನ ಕಾಫಿ ವ್ಯಾಪಾರಿಗಳು ರೇನ್‌ಫಾರೆಸ್ಟ್ ಅಲಯನ್ಸ್, ಫೇರ್‌ಟ್ರೇಡ್ ಮುಂತಾದ ಪ್ರಮಾಣಪತ್ರ ಕೇಳುತ್ತಾರೆ. ಈ ಪ್ರಮಾಣಪತ್ರಗಳಿಗೆ ಪರಿಸರದ ಜೊತೆಗೆ ಕಾರ್ಮಿಕರ ಸುರಕ್ಷತೆಯೂ ಷರತ್ತು. ಔಷಧಿ ಹೊಡೆದ ಬ್ಲಾಕಿಗೆ ಇಷ್ಟು ಹೊತ್ತು ಯಾರೂ ಹೋಗಬಾರದು, ಖಾಲಿ ಡಬ್ಬಿಯನ್ನು ಮನೆ ಬಳಕೆಗೆ ಒಯ್ಯಬಾರದು, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಇರಬೇಕು ಎಂಬ ಪಟ್ಟಿ ಉದ್ದವಾಗಿದೆ. ಸಣ್ಣ ಬೆಳೆಗಾರರು ಗುಂಪಾಗಿ ಪ್ರಮಾಣಪತ್ರ ಪಡೆಯಬಹುದು. ಆಗ ಗುಂಪಿನ ಪರವಾಗಿ ತೋಟ ತೋಟಕ್ಕೆ ಹೋಗಿ ಪರಿಶೀಲಿಸುವ ಆಂತರಿಕ ತಪಾಸಕರು ಬೇಕಾಗುತ್ತಾರೆ. ಸಂಹಿತೆ ಕೂಡ ಹೊರಗಿನ ತಜ್ಞರಿಂದ ಪರಿಶೋಧನೆ ಮಾಡಿಸಲು ಅವಕಾಶ ಇಟ್ಟಿದೆ. ಸುರಕ್ಷತೆಯನ್ನೂ ಕಾಫಿ ಬೇಸಾಯವನ್ನೂ ಬಲ್ಲವರಿಗೆ ಇದು ಊರಲ್ಲೇ ಇದ್ದು ಮಾಡಬಹುದಾದ ಕೆಲಸ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಂಥ ಕಡೆ ಓದಿದವರು ಈ ಸಾಲಿನಲ್ಲಿ ಮುಂದಿರಬಹುದು.

ಇಲ್ಲಿ ಕಾನೂನಿನ ದೊಡ್ಡ ಕೊರತೆಯನ್ನು ಹೇಳಲೇಬೇಕು. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ತೋಟ ಇರುವವರು; ಅವರಲ್ಲೂ ಬಹಳ ಮಂದಿಯದು 5 ಹೆಕ್ಟೇರಿನ ಗೆರೆಗಿಂತ ಕೆಳಗೆ. ಏಣಿ, ಔಷಧಿ, ಆನೆ ಅಲ್ಲೂ ಇವೆ, ಸಂಹಿತೆ ಮಾತ್ರ ಇಲ್ಲ. ಹತ್ತು ಎಕರೆಯ ಬೆಳೆಗಾರ ಸುರಕ್ಷತಾ ಅಧಿಕಾರಿಗೆ ಸಂಬಳ ಕೊಡಲಾರ ಎಂಬುದು ನಿಜವೇ. ಆದರೆ ಐವತ್ತು ಬೆಳೆಗಾರರ ಒಂದು ಸಂಘ, ರೈತ ಉತ್ಪಾದಕರ ಕಂಪನಿ ಅಥವಾ ಸಹಕಾರ ಸಂಘ ಒಬ್ಬರನ್ನು ಇಟ್ಟುಕೊಳ್ಳಬಹುದು. ಮರಗಸಿಗೆ ಮುಂಚೆ ತಂತಿಯ ಸಾಲು ಗುರುತಿಸುವುದು, ಸಿಂಪಡಣೆಯ ತಂಡಕ್ಕೆ ತರಬೇತಿ, ಬಾಡಿಗೆಗೆ ಫೈಬರ್ ಏಣಿ ಮತ್ತು ಸೇಫ್ಟಿ ಬೆಲ್ಟು, ವಿಮೆಯ ಕಾಗದಪತ್ರ ಇವೆಲ್ಲ ಒಬ್ಬರ ಕೈಯಲ್ಲಿ ಆಗುವ ಸೇವೆಗಳೇ. ಕೊಡಗಿನಲ್ಲಿ ಈ ವೃತ್ತಿ ಬೆಳೆಯುವುದಾದರೆ ಬೆಳೆಯಬೇಕಾದದ್ದು ಈ ಕಡೆಗೆ. ಸಹಕಾರ ಸಂಘಗಳ ಅಭ್ಯಾಸ ಇಷ್ಟಿರುವ ಜಿಲ್ಲೆಯಲ್ಲಿ ಇದು ಹೊಸದೇನೂ ಅಲ್ಲ.

ಬೆಳೆಗಾರರಿಗೆ ಇದರಲ್ಲಿ ಹಣದ ಲೆಕ್ಕವೂ ಇದೆ. ಕೆಲಸದ ವೇಳೆ ಸತ್ತ ಕಾರ್ಮಿಕನ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 1923ರ ಕಾಯ್ದೆ ಹೀಗೆ ಲೆಕ್ಕ ಹಾಕುತ್ತಿತ್ತು: ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು. 2020ರಲ್ಲಿ ವೇತನದ ಮಿತಿ 15,000 ರೂಪಾಯಿಗೆ ಏರಿತು. 30 ವರ್ಷದವರಿಗೆ ಗುಣಾಂಕ 207.98. ಗುಣಿಸಿದರೆ 15 ಲಕ್ಷ 59 ಸಾವಿರ ರೂಪಾಯಿ ಮೀರುತ್ತದೆ. ವಿಮೆ ಇಲ್ಲದ ಸಣ್ಣ ತೋಟಕ್ಕೆ ಇದು ವರ್ಷಗಳ ಗಳಿಕೆ. ಒಂದು ಫೈಬರ್ ಏಣಿಯ ಬೆಲೆ ಇದರ ಮುಂದೆ ಏನೂ ಅಲ್ಲ.

ತೋಟದ ಹೊರಗೆ ಬಂದರೆ ನಿರ್ಮಾಣ ಕ್ಷೇತ್ರವಿದೆ. ಮೈಸೂರು ಕಡೆಯಿಂದ ಕುಶಾಲನಗರಕ್ಕೆ 92 ಕಿಲೋಮೀಟರ್ ಉದ್ದದ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅಂದಾಜು ವೆಚ್ಚ 4,130 ಕೋಟಿ ರೂಪಾಯಿ. ಇಂಥ ಕಾಮಗಾರಿಗಳಲ್ಲಿ ಗುತ್ತಿಗೆದಾರರು ಸುರಕ್ಷತಾ ಅಧಿಕಾರಿಗಳನ್ನು ಇಡಲೇಬೇಕು. ಕೆಲಸ ಮುಗಿದೊಡನೆ ಹುದ್ದೆಯೂ ಮುಗಿಯುತ್ತದೆ, ಅಧಿಕಾರಿ ಮುಂದಿನ ರಸ್ತೆಗೆ ಹೋಗುತ್ತಾರೆ. ಊರು ಬಿಡಲು ಒಲ್ಲದವರಿಗೆ ಇದು ಹೊಂದುವುದಿಲ್ಲ. ಜಿಲ್ಲೆಗೆ ವಿದ್ಯುತ್ ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ (ಚೆಸ್ಕಾಂ) ಲೈನ್‌ಮನ್‌ಗಳು ಮಳೆಗಾಲದ ರಾತ್ರಿಗಳಲ್ಲಿ ಮಾಡುವ ಕೆಲಸದ ಅಪಾಯಕ್ಕೆ ಬೇರೆ ವಿವರಣೆ ಬೇಡ. ರೆಸಾರ್ಟ್ ಮತ್ತು ಹೋಂಸ್ಟೇಗಳಲ್ಲಿ ಬೆಂಕಿ, ಈಜುಕೊಳ, ಗಾಳಿಯಾಡದ ಸ್ನಾನದ ಮನೆಯ ಗ್ಯಾಸ್ ಗೀಸರ್, ದುಬಾರೆ ಮತ್ತು ಬರಪೊಳೆಯ ರಾಫ್ಟಿಂಗ್. ಇಲ್ಲೆಲ್ಲ ಪೂರ್ಣಾವಧಿ ಹುದ್ದೆಗಿಂತ ಸಲಹೆಗಾರರಿಗೆ, ತರಬೇತುದಾರರಿಗೆ ಅವಕಾಶ ಹೆಚ್ಚು.

ಪೂರ್ಣಾವಧಿ ಹುದ್ದೆ, ಒಳ್ಳೆಯ ಸಂಬಳ ಬೇಕೆನ್ನುವವರು ಘಟ್ಟ ಇಳಿಯಬೇಕು, ಇಲ್ಲವೇ ಬಯಲಿಗೆ ಹೋಗಬೇಕು. ಹತ್ತಿರದ್ದು ಮೈಸೂರು ಮತ್ತು ನಂಜನಗೂಡು. ನಂಜನಗೂಡಿನಲ್ಲಿ ನೆಸ್ಲೆಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಇದೆ. ಮೈಸೂರಿನಲ್ಲಿ ಟೈರ್, ಭಾರಿ ವಾಹನ, ನೋಟು ಮುದ್ರಣದ ಕಾರ್ಖಾನೆಗಳಿವೆ. ಮಂಗಳೂರಿನಲ್ಲಿ ತೈಲ ಶುದ್ಧೀಕರಣ, ರಸಗೊಬ್ಬರ, ಬಂದರು. ಆಮೇಲೆ ಕೊಲ್ಲಿ ರಾಷ್ಟ್ರಗಳು: ಅಲ್ಲಿನ ತೈಲ ಮತ್ತು ಕಟ್ಟಡ ಕಂಪನಿಗಳಲ್ಲಿ ಸುರಕ್ಷತಾ ಅಧಿಕಾರಿಗಳಾಗಿ ಕೇರಳ ಮತ್ತು ಕರಾವಳಿಯ ಅನೇಕ ಯುವಕರು ದುಡಿಯುತ್ತಿದ್ದಾರೆ.

ಓದಿನ ದಾರಿ ಹೀಗಿದೆ. ಬಹುತೇಕ ರಾಜ್ಯಗಳ ಕಾರ್ಖಾನೆ ನಿಯಮಗಳಲ್ಲಿ ಬಂದಿರುವಂತೆ, ಎಂಜಿನಿಯರಿಂಗ್ ಪದವಿ ಮತ್ತು 2 ವರ್ಷದ ಮೇಲ್ವಿಚಾರಣೆಯ ಅನುಭವ, ಅಥವಾ ಭೌತಶಾಸ್ತ್ರ, ರಸಾಯನಶಾಸ್ತ್ರದ ಪದವಿ ಇಲ್ಲವೇ ಎಂಜಿನಿಯರಿಂಗ್ ಡಿಪ್ಲೊಮಾ ಮತ್ತು 5 ವರ್ಷದ ಅನುಭವ ಬೇಕು. ಇದರ ಮೇಲೆ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ. ಕೇಂದ್ರ ಕಾರ್ಮಿಕ ಇಲಾಖೆಯ ಅಡಿಯ ಮುಂಬೈಯ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಮತ್ತು ಚೆನ್ನೈ ಸೇರಿದಂತೆ ಅದರ ಪ್ರಾದೇಶಿಕ ಸಂಸ್ಥೆಗಳಲ್ಲಿ ಒಂದು ವರ್ಷದ ಅಡ್ವಾನ್ಸ್‌ಡ್ ಡಿಪ್ಲೊಮಾ ಇದೆ. ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಸುರಕ್ಷತೆ ಮತ್ತು ಅಗ್ನಿಶಾಮಕ ಎಂಜಿನಿಯರಿಂಗ್‌ನಲ್ಲೇ ಬಿ.ಟೆಕ್ ಮಾಡಬಹುದು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೊಡಗು ತಾಂತ್ರಿಕ ಸಂಸ್ಥೆಗಳಲ್ಲಿ ಓದಿದವರಿಗೆ ಮೊದಲ ಮೆಟ್ಟಿಲು ಊರಲ್ಲೇ ಮುಗಿದಂತೆ. ವೈದ್ಯರಿಗೆ ಬೇರೆಯೇ ದಾರಿ: ಕೈಗಾರಿಕಾ ಆರೋಗ್ಯದ ಮೂರು ತಿಂಗಳ ಕೋರ್ಸ್. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯಿಂದ ಹೊರಬರುವ ವೈದ್ಯರಲ್ಲಿ ಕೆಲವರಾದರೂ ಇದನ್ನು ಮಾಡಿಕೊಂಡರೆ ಔಷಧಿ ಸಿಂಪಡಿಸುವವರ ರಕ್ತಪರೀಕ್ಷೆಗೆ ಮೈಸೂರಿನ ದಾರಿ ಹಿಡಿಯುವುದು ತಪ್ಪಬಹುದು.

ಸುರಕ್ಷತಾ ಅಧಿಕಾರಿಯ ಅರ್ಹತೆ ಹೇಳುವ ಕಾರ್ಖಾನೆ ನಿಯಮಗಳಲ್ಲಿ ಇನ್ನೊಂದು ಷರತ್ತೂ ಇದೆ: ಬಹುಪಾಲು ಕಾರ್ಮಿಕರು ಆಡುವ ಭಾಷೆ ಅಧಿಕಾರಿಗೆ ಚೆನ್ನಾಗಿ ಬರಬೇಕು. ಕೊಡಗಿನಲ್ಲಿ ಇದು ಸುಲಭದ ಷರತ್ತಲ್ಲ. ಯರವರು, ಕುರುಬರು, ತಲೆಮಾರುಗಳ ಹಿಂದೆ ಬಂದ ತಮಿಳರು, ಮಲಯಾಳಿಗಳ ಜೊತೆಗೆ ಈಗ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದವರು ತೋಟಗಳಲ್ಲಿ ತುಂಬಿದ್ದಾರೆ. ಕನ್ನಡದ ಎಚ್ಚರಿಕೆ ಫಲಕ ಅವರಲ್ಲಿ ಅನೇಕರಿಗೆ ಗೋಡೆಯ ಅಲಂಕಾರವಷ್ಟೇ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮಲಯಾಳ, ಟಿವಿಯಿಂದ ಹಿಂದಿ ಕಲಿತು ಬೆಳೆದ ಕೊಡಗಿನ ಹುಡುಗ ಹುಡುಗಿಯರಿಗೆ ಇಲ್ಲಿ ಹೊರಗಿನವರಿಗಿಲ್ಲದ ಅನುಕೂಲವಿದೆ. ನಿವೃತ್ತ ಸೈನಿಕರದು ಇನ್ನೊಂದು ಬಲ. ಸೇನೆಗೆ ಇಷ್ಟೊಂದು ಜನರನ್ನು ಕಳಿಸಿದ ಜಿಲ್ಲೆಯಲ್ಲಿ ಪ್ರಥಮ ಚಿಕಿತ್ಸೆ, ಅಗ್ನಿಶಾಮಕ, ಎಂಜಿನಿಯರ್ ವಿಭಾಗಗಳಲ್ಲಿ ಪಳಗಿ, ಹಿಂದಿ ಸಲೀಸಾಗಿ ಆಡುತ್ತ, ನಲವತ್ತರ ಆಸುಪಾಸಿನಲ್ಲೇ ಮನೆಗೆ ಮರಳಿದವರು ಊರೂರಲ್ಲಿದ್ದಾರೆ. ಅವರನ್ನು ಗೇಟಿನ ಕಾವಲಿಗೆ ನಿಲ್ಲಿಸುವುದು ಅವರ ತರಬೇತಿಯನ್ನು ವ್ಯರ್ಥ ಮಾಡಿದಂತೆ.

ಕೊನೆಗೆ, ಫೀಸು ಕಟ್ಟುವ ಮೊದಲು ತಿಳಿದಿರಬೇಕಾದ ಮಾತು. ಪಟ್ಟಣಗಳ ಗೋಡೆಗಳ ಮೇಲೆ ‘ಸೇಫ್ಟಿ ಕೋರ್ಸ್, ಕೆಲಸ ಗ್ಯಾರಂಟಿ’ ಎಂಬ ಜಾಹೀರಾತು ಬಹಳ. ಬ್ರಿಟನ್ನಿನ ನೆಬೋಷ್ ಪ್ರಮಾಣಪತ್ರಕ್ಕೆ ಕೊಲ್ಲಿಯಲ್ಲಿ ಬೆಲೆ ಇದೆ. ಆದರೆ ಅದೊಂದನ್ನೇ ಹಿಡಿದು ಭಾರತದ ಕಾರ್ಖಾನೆಯಲ್ಲಿ ಕಾನೂನಿನ ಪ್ರಕಾರದ ಸುರಕ್ಷತಾ ಅಧಿಕಾರಿ ಆಗಲು ಬರುವುದಿಲ್ಲ. ಆರು ತಿಂಗಳ ಖಾಸಗಿ ಡಿಪ್ಲೊಮಾಗಳಲ್ಲಿ ಹಲವಕ್ಕೆ ಎಲ್ಲೂ ಮಾನ್ಯತೆಯಿಲ್ಲ. ಸೇರಬೇಕೆಂದಿರುವ ಕೋರ್ಸಿಗೆ ರಾಜ್ಯದ ಮಾನ್ಯತೆ ಇದೆಯೇ ಎಂಬುದನ್ನು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದು ಮುಂದುವರಿಯುವುದು ಒಳ್ಳೆಯದು.